ಹಗಲಲ್ಲಿ ಇಳಿದ ಶಟರ್

ಚಿಂತಾಮಣಿಯ ನಮ್ಮ ಬೀದಿಯಲ್ಲಿ ಹಗಲುಹೊತ್ತು ಅಂಗಡಿಯ ಶಟರ್ ಇಳಿದರೆ ಒಂದೇ ಅರ್ಥ: ಆ ಮನೆಯಲ್ಲಿ ಯಾರೋ ತೀರಿಹೋಗಿದ್ದಾರೆ. ಊಟಕ್ಕೆ ಹೋಗುವವರು ಬಾಗಿಲಿಗೊಂದು ಸ್ಟೂಲು ಅಡ್ಡ ಇಟ್ಟು ಹೋಗುತ್ತಾರೆಯೇ ಹೊರತು ಶಟರ್ ಮುಟ್ಟುವುದಿಲ್ಲ.

ನಮ್ಮದು ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ. ಮದುವೆಗಳ ಕಾಲ, ಒಪ್ಪಿಕೊಂಡ ಪತ್ರಿಕೆಗಳೆಲ್ಲ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಅದು ಕೈಕೊಟ್ಟರೆ ಶಿಡ್ಲಘಟ್ಟದಿಂದ ಗೌರಿಬಿದನೂರಿನವರೆಗಿನ ಹೆಣ್ಣಿನ ಕಡೆಯವರೆಲ್ಲ ಬಂದು ನಮ್ಮ ಮಾನ ಹರಾಜು ಹಾಕುತ್ತಿದ್ದರು.

ಅಂಥದ್ದೊಂದು ಬೆಳಿಗ್ಗೆ ಹುರುಳಿಕಾಯಿಯ ಚೀಲ ಹಿಡಿದು ಅಂಗಡಿಗೆ ಬಂದರೆ ಶಟರ್ ಇಳಿದಿದೆ, ಮುಂದೆ ಜನ ತಲೆ ತಗ್ಗಿಸಿ ನಿಂತಿದ್ದಾರೆ. ಪಕ್ಕದ ಟೈಲರ್ ಅಮ್ಮ ನನ್ನನ್ನು ಕಂಡು ದೆವ್ವ ನೋಡಿದವರಂತೆ ಬೆಚ್ಚಿದರು.

“ಅಯ್ಯೋ, ನೀನಿದ್ದೀಯೇನಮ್ಮ? ಹಂಗಾದ್ರೆ ಯಜಮಾನ್ರಾ!” ಎಂದು ಕೈ ಹಿಡಿದುಕೊಂಡರು. “ಧೈರ್ಯಂಗಾ ಉಂಡಮ್ಮಾ,” ಧೈರ್ಯವಾಗಿರು ಎಂದು ತೆಲುಗಿನಲ್ಲೂ ಸಮಾಧಾನ ಹೇಳಿದರು.

ಮನೆಯಲ್ಲಿರುವುದು ನಾವಿಬ್ಬರೇ, ಅವರ ಲೆಕ್ಕ ಸರಿಯಾಗಿಯೇ ಇತ್ತು. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಅಂದದ್ದಕ್ಕೆ ಬೆಳಿಗ್ಗೆ ಮುಖ ತಿರುಗಿಸಿದ್ದೆ. ಅದೇ ಕೊನೆಯ ಮಾತಾಯಿತಲ್ಲ ಎಂದು ಅಳು ಉಕ್ಕಿತು. ಅಷ್ಟರಲ್ಲಿ ಒಳಗಿನಿಂದ ಕೇಳಿಸಿತು: “ಎಸ್ ಸಾರ್. ಎಸ್ ಸಾರ್.”

ಸತ್ತವರು ಅಷ್ಟು ವಿನಯದಿಂದ ಮಾತಾಡುವುದಿಲ್ಲ. ಬದುಕಿರುವ ಇವರು ನನ್ನೊಡನೆ ಒಮ್ಮೆಯೂ ಹಾಗೆ ಮಾತಾಡಿದ್ದಿಲ್ಲ. ಶಟರ್ ಎತ್ತಿದೆ.

ಇವರು ಬೆವರಿನಲ್ಲಿ ತೊಯ್ದು, ಕಿವಿಗೆ ಫೋನ್ ಒತ್ತಿಕೊಂಡು ಕೂತಿದ್ದರು. “ಶ್, ಯಾರಿಗೂ ಹೇಳಬಾರದಂತೆ ಕಣೇ. ಕಂಪ್ಯೂಟರಿಗೆ ವೈರಸ್ ಬಂದು ಪತ್ರಿಕೆಗಳೆಲ್ಲ ಅಳಿಸಿಹೋಗ್ತವಂತೆ. ಕಂಪನಿಯವರೇ ಫೋನ್ ಮಾಡವ್ರೆ. ಈ ನಂಬರ್ ಹೇಳಿದ್ರೆ ಅಲ್ಲಿಂದ್ಲೇ ಸರಿ ಮಾಡ್ತಾರಂತೆ. ಬಾಗಿಲು ಹಾಕ್ಕೊಂಡು ಒಬ್ರೇ ಕೂತ್ಕೊಳ್ಳಿ ಅಂದ್ರು.”

ಪರದೆಯ ಮೇಲೆ ಉದ್ದನೆಯ ಸಂಖ್ಯೆಯೊಂದಿತ್ತು. ಅರ್ಧ ಓದಿ ಹೇಳಿಯಾಗಿತ್ತು.

ವೈರಸ್ಸಿನ ವಿಷಯ ನನಗೇನು ಗೊತ್ತು? ಆದರೆ ಹಲ್ಲುನೋವನ್ನೂ ಗುಟ್ಟಾಗಿಡಲು ಬಿಡದ ಈ ಬೀದಿಯಲ್ಲಿ ಯಾರಿಗೂ ಹೇಳಬೇಡ ಅನ್ನುವವನು ಕಳ್ಳನೇ ಆಗಿರಬೇಕು. ಕಂಪ್ಯೂಟರಿನ ಪ್ಲಗ್ ಕಿತ್ತೆ. ನನ್ನ ಹಿಂದೆಯೇ ಒಳಗೆ ಬಂದ ಟೈಲರ್ ಅಮ್ಮ, ಫೋನಿನಲ್ಲಿರುವುದು ನೆಂಟರೆಂದುಕೊಂಡು ಅದನ್ನು ಕಸಿದು, “ಯಾರಪ್ಪಾ ಹೋದೋರು?” ಎಂದು ಕೂಗಿದರು. ಆ ಕಡೆಯವನು ತಟಕ್ಕನೆ ಇಟ್ಟುಬಿಟ್ಟ. ಈಗ ಅಂಥ ಕರೆ ಬಂದರೆ ನಾವು ಫೋನನ್ನು ನೇರವಾಗಿ ಟೈಲರ್ ಅಮ್ಮನ ಕೈಗೇ ಕೊಡುತ್ತೇವೆ.

ಪತ್ರಿಕೆಗಳು ಉಳಿದವು. ಆದರೂ ರಾತ್ರಿ ಊಟಕ್ಕೆ ಕೂತಾಗ ಇವರ ಮುಖ ಗಂಟು ಹಾಕಿಕೊಂಡೇ ಇತ್ತು.

“ಎಲ್ರೂ ಬಂದಿದ್ರು. ಎದುರಿನ ಪಾತ್ರೆ ಅಂಗಡಿಯೋರು ಮಾತ್ರ ಬರ್ಲಿಲ್ಲ, ನೋಡಿದ್ಯಾ? ಇಷ್ಟು ವರ್ಷದ ಸ್ನೇಹ!”

“ಬಂದಿದ್ರು ಕಣ್ರೀ. ದೊಡ್ಡ ಹಾರ ತಂದಿದ್ರು. ನಾನು ನಿಂತಿರೋದು ನೋಡಿ ಬೆನ್ನ ಹಿಂದೆ ಬಚ್ಚಿಟ್ಕೊಂಡು ವಾಪಸ್ ಹೋದ್ರು.”

ಇವರ ಕಣ್ಣು ಅರಳಿತು. “ಹಾರನಾ? ನನಗಾ?”

“ನನಗೆ,” ಎಂದು ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ.