ಬೆನ್ನಿನ ಫೋಟೋ

ಆಕೆ ಮೊದಲ ಸಲ ನಮ್ಮ ಸ್ಟುಡಿಯೋಗೆ ಬಂದಾಗ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕು ಅಂದಳು. ನನ್ನ ಗಂಡ ಕೌಂಟರಿನಲ್ಲಿ ಕೂತು ಯಾರದೋ ರೇಷನ್ ಕಾರ್ಡಿಗೆ ಲ್ಯಾಮಿನೇಷನ್ ಮಾಡುತ್ತಿದ್ದರು. ನಾನು ಆಕೆಯನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ಪರದೆ ಎಳೆದೆ. ಎಳೆದದ್ದೇ ತಡ, ದನಿ ತಗ್ಗಿಸಿ, "ಅಕ್ಕಾರ, ಪಾಸ್‌ಪೋರ್ಟ್ ಫೋಟೋ ಅಲ್ರಿ. ನನ್ನ ಬೆನ್ನು ತೆಗೀಬೇಕ್ರಿ," ಅಂದಳು.

ಬೆನ್ನಿನ ಮೇಲೆ ತೊನ್ನಿನ ಬಿಳಿ ಮಚ್ಚೆಗಳು ಎದ್ದಿದ್ದವು. ಬಳ್ಳಾರಿಯ ಡಾಕ್ಟರು ಮದ್ದು ಕೊಟ್ಟು, ಮಚ್ಚೆ ಬೆಳೀತಾ ಇದೆಯೋ ನಿಂತಿದೆಯೋ ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು ಅಂದಿದ್ದರಂತೆ. ತನ್ನ ಬೆನ್ನು ತನಗೆ ಕಾಣುವುದಿಲ್ಲ. ಮನೆಯಲ್ಲಿ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವನಿಗೂ ಅದರ ಮಾತೆತ್ತಿದರೆ ಮುಖ ಗಂಟಾಗುತ್ತದೆ. ಇದ್ದ ಒಂದು ಫೋನು ಅತ್ತೆ, ನಾದಿನಿ, ಮಕ್ಕಳು ಎಲ್ಲರ ಕೈಯಲ್ಲೂ ಓಡಾಡುತ್ತದೆ.

"ನೀವು ತಗದು ನಿಮ್ಮ ಕಂಪ್ಯೂಟರ್‌ನಾಗ ಇಟ್ಕೊಳ್ರಿ. ನಾನು ತಿಂಗಳಿಗೊಮ್ಮಿ ಬಂದು ನೋಡ್ತೀನಿ. ಯಾರಿಗೂ ತೋರಸಬ್ಯಾಡ್ರಿ."

"ಇಲ್ಲಮ್ಮ, ಯಾರಿಗೂ ತೋರಿಸಲ್ಲ," ಅಂದೆ. ಆಕೆಯ ಕೈ ಹಿಡಿದುಕೊಂಡೇ ಹೇಳಿದೆ. ನನಗದು ಚೆನ್ನಾಗಿ ನೆನಪಿದೆ.

ಆಂಧ್ರಕ್ಕೆ ಸೇರಿದ ಈ ರಾಯದುರ್ಗದಲ್ಲಿ ಜೀನ್ಸ್ ಹೊಲಿಯದ ಬೀದಿಯೇ ಇಲ್ಲ. ನಮ್ಮ ಹಿಂದಿನ ಬೀದಿಯ ಶೆಡ್ಡಿನಲ್ಲಿ ಆಕೆ ಜೇಬು ಹೊಲಿಯುತ್ತಿದ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬರುತ್ತಿದ್ದಳು. ಹೊಸ ಬಟ್ಟೆಯ ಬಣ್ಣ ಹತ್ತಿ ಆಕೆಯ ಬೆರಳ ತುದಿಗಳು ಯಾವಾಗಲೂ ನೀಲಿ. ಫೋಟೋ ತೆಗೆದ ಮೇಲೆ ಹಿಂದಿನ ತಿಂಗಳದ್ದನ್ನೂ ಈ ತಿಂಗಳದ್ದನ್ನೂ ಕಂಪ್ಯೂಟರಿನ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ಇಬ್ಬರೂ ನೋಡುತ್ತಿದ್ದೆವು. ಮೂರನೇ ತಿಂಗಳು ಆಕೆ ಪರದೆಯ ಮೇಲೆ ಬೆರಳಿಟ್ಟು, "ಇದು ನಿಂತೈತಲ್ರಿ?" ಅಂದಳು. ನಿಜವಾಗಿಯೂ ನಿಂತಿತ್ತು. ಅವತ್ತು ಆಕೆ ಡಬ್ಬಿ ಬಿಚ್ಚಿ ನನಗೂ ಅರ್ಧ ರೊಟ್ಟಿ ಕೊಟ್ಟಳು.

ಇನ್ನು ಮೇಡಂ ವಿಷಯ ಹೇಳಬೇಕು. ನನ್ನ ತವರು ಮಡಕಶಿರದ ಕಡೆಯ ಗುಡಿಬಂಡೆ ಹತ್ತಿರದ ಒಂದು ಹಳ್ಳಿ. ನಾನು ಹೈಸ್ಕೂಲಿನಲ್ಲಿದ್ದಾಗ ಮೇಡಂ ನಮಗೆ ಡ್ರಾಯಿಂಗ್ ಟೀಚರ್ ಆಗಿದ್ದರು. ಮಡಕಶಿರದಿಂದ ಆಟೋದಲ್ಲಿ ಬರುತ್ತಿದ್ದರು, ಹೆಗಲಿಗೆ ಕ್ಯಾಮೆರಾ ನೇತುಹಾಕಿಕೊಂಡು. ಕ್ಯಾಮೆರಾ ಹಿಡಿದ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು. ಒಂದು ಸಲ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಲ್ಲಿಸಿ ಕ್ಯಾಮೆರಾ ನನ್ನ ಕೈಗೆ ಕೊಟ್ಟು, "ಏನ್ ಕಾಣ್ತೈತೋ ಅದನ್ನಲ್ಲ ಕಣೆ, ಬೆಳಕು ಎಲ್ಲಿ ಬಿದ್ದೈತೋ ಅದನ್ನ ನೋಡು," ಅಂದಿದ್ದರು. ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ, ಹೆಂಗಸರ ಫೋಟೋ ತೆಗೆಯಲು ಹೆಂಗಸೇ ಇರಲಿ ಅಂತ ಗಂಡ ನನ್ನನ್ನು ಸ್ಟುಡಿಯೋದೊಳಗೆ ಕರೆದರು. ನಾನು ಧೈರ್ಯವಾಗಿ ಒಳಗೆ ಹೋದದ್ದು ಮೇಡಂ ಕಲಿಸಿದ್ದರಿಂದ.

ಫೋನು ಬಂದ ಮೇಲೆ ಮತ್ತೆ ಹತ್ತಿರವಾದೆವು. ವಾರಕ್ಕೊಂದು ಫೋಟೋ ನಾನು ಅವರಿಗೆ ಕಳಿಸುವುದು, ಅವರು ನನಗೆ ಕಳಿಸುವುದು. ಭೈರವಾನಿತಿಪ್ಪ ಡ್ಯಾಮಿನಲ್ಲಿ ನೀರಿಳಿದು ಕೆಸರು ಬಿರಿದದ್ದು, ಬೆಳುಗುಪ್ಪದ ಹೆಂಗಸರು ಶೇಂಗಾ ಬಿಡಿಸುವುದು, ಹೀಗೆ ನನ್ನವು. ಮೇಡಂ ಧ್ವನಿ ಸಂದೇಶದಲ್ಲಿ ಉತ್ತರ ಕೊಡುತ್ತಿದ್ದರು. "ಆಕಾಶ ಜಾಸ್ತಿ ಆಯ್ತು." "ಆ ಬಕೆಟ್ ಯಾಕೆ ಅಲ್ಲಿ?" "ಚೆನ್ನಾಗೈತೆ, ಆದ್ರೆ ಮದುವೆ ಆಲ್ಬಂ ಥರ ಐತೆ." ಈ ಕೊನೆಯ ಮಾತು ಮಾತ್ರ ನನಗೆ ಚುಚ್ಚುತ್ತಿತ್ತು. ಮದುವೆ ಆಲ್ಬಂ ಮಾಡಿಯೇ ನಾವು ಊಟ ಮಾಡುವವರು.

ನಾಲ್ಕನೇ ತಿಂಗಳು ಆಕೆ ಬಂದ ದಿನ ಕರೆಂಟು ಹೋಗಿತ್ತು. ದೀಪಗಳಿಲ್ಲ. ಗೋಡೆಯ ಮೇಲಿನ ಗವಾಕ್ಷಿಯಿಂದ ಬಿಸಿಲಿನ ಒಂದು ಪಟ್ಟಿ ಮಾತ್ರ ಬರುತ್ತಿತ್ತು. ಸ್ಟೂಲನ್ನು ಅಲ್ಲಿಗೇ ಎಳೆದೆ. ಆಕೆ ಕೂದಲನ್ನು ಒಂದು ಭುಜದ ಮುಂದಕ್ಕೆ ತಂದು, ಆ ಭುಜದ ಮೇಲೆಯೇ ಕೈಯಿಟ್ಟು ಹಿಡಿದುಕೊಂಡಳು. ನೀಲಿ ಬೆರಳುಗಳು, ಮುಂಗೈ ಮೇಲೆ ಚೇಳಿನ ಹಚ್ಚೆ, ಬೆನ್ನ ತುಂಬ ಮೋಡ ಚದುರಿದ ಹಾಗೆ ಬಿಳುಪು. ಒಂದೇ ಒಂದು ಫೋಟೋ ತೆಗೆದೆ. ಆಕೆ ಹೋದ ಮೇಲೆ ಅದನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅಷ್ಟು ಒಳ್ಳೆಯ ಫೋಟೋ ನಾನು ಅದಕ್ಕೂ ಮೊದಲು ತೆಗೆದಿರಲಿಲ್ಲ.

ಅದನ್ನು ಮೇಡಂಗೆ ಕಳಿಸಿದೆ.

ಮುಖ ಕಾಣುವುದಿಲ್ಲವಲ್ಲ ಅಂದುಕೊಂಡೆ. ಮೇಡಂ ಅಂದರೆ ಹೊರಗಿನವರಲ್ಲವಲ್ಲ ಅಂತಲೂ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಇನ್ನು ಮೇಲೆ ಮದುವೆ ಆಲ್ಬಂ ಥರ ಐತೆ ಅಂತ ಅವರು ಹೇಳಬಾರದು, ಅದೇ ನನಗೆ ಬೇಕಾಗಿದ್ದದ್ದು. ಕೆಳಗೆ, ಕರೆಂಟು ಹೋದದ್ದು, ಗವಾಕ್ಷಿಯ ಬಿಸಿಲು ಬಿದ್ದದ್ದು ಎಲ್ಲ ಬರೆದು, ಕೊನೆಗೆ "ಯಾರಿಗೂ ತೋರಿಸಬೇಡಿ ಮೇಡಂ, ಮಾತು ಕೊಟ್ಟಿದೀನಿ," ಅಂತ ಬರೆದೆ. ಮೇಡಂ ಈ ಸಲ ಧ್ವನಿ ಕಳಿಸಲಿಲ್ಲ. "ಇದು ನಿನ್ನ ಕೈಯಿಂದಲೇ ಬಂತಾ?" ಅಂತ ಒಂದು ಸಾಲು ಬರೆದರು. ನಾನು ದಿನವೆಲ್ಲ ಖುಷಿಯಲ್ಲಿ ಹಾರಾಡುತ್ತಲೇ ಇದ್ದೆ. ಮಾರನೆಯ ದಿನ, ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಬೇಕು, ಪೂರ್ತಿ ಫೈಲ್ ಕಳಿಸು ಅಂದರು. ಅದನ್ನೂ ಕಳಿಸಿದೆ.

ಎರಡು ತಿಂಗಳಾದ ಮೇಲೆ ಮೇಡಂ ಫೋನ್ ಮಾಡಿದರು. ಮಡಕಶಿರದ ಒಂದು ಕಲ್ಯಾಣ ಮಂಟಪದಲ್ಲಿ ಕ್ಯಾಮೆರಾ ಹಿಡಿದ ಹೆಂಗಸರದ್ದೇ ಒಂದು ಪ್ರದರ್ಶನ ಮಾಡುತ್ತಿದ್ದಾರೆ, ನಿನ್ನವೂ ಎರಡು ಫೋಟೋ ಹಾಕ್ತೀವಿ, ಡ್ಯಾಮಿಂದು ಮತ್ತೆ ಶೇಂಗಾದ್ದು, ಬಾ ಅಂದರು. ನನ್ನ ಫೋಟೋ ಗೋಡೆಯ ಮೇಲೆ! ಗಂಡ ಅವತ್ತು ಅಂಗಡಿ ತಾವೇ ನೋಡಿಕೊಳ್ಳುತ್ತೇನೆ ಅಂದರು. ಮಡಿಕೆ ಬಿಚ್ಚದ ರೇಷ್ಮೆ ಸೀರೆ ಉಟ್ಟು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಹೋದೆ.

ಮಂಟಪದ ಬಾಗಿಲಲ್ಲೇ ನನ್ನ ಎರಡೂ ಫೋಟೋಗಳಿದ್ದವು. ಕೆಳಗೆ ತೆಲುಗಿನಲ್ಲಿ ನನ್ನ ಹೆಸರು, ಊರು ರಾಯದುರ್ಗ ಅಂತ. ಅವುಗಳ ಪಕ್ಕ ನಿಂತು ನಾನೇ ಒಂದು ಫೋಟೋ ತೆಗೆಸಿಕೊಂಡೆ. ಒಳಗೆ ಹೋದರೆ, ವಧೂವರರನ್ನು ಕೂರಿಸುವ ವೇದಿಕೆಯ ಮೇಲೆ ಒಂದೇ ಒಂದು ಫೋಟೋ ತೂಗುಹಾಕಿದ್ದರು. ಬಾಗಿಲಷ್ಟು ಎತ್ತರ. ಜನ ಅದರ ಮುಂದೆ ಗುಂಪಾಗಿ ನಿಂತು ಫೋನುಗಳನ್ನು ಎತ್ತಿ ಹಿಡಿದಿದ್ದರು.

ಆಕೆಯ ಬೆನ್ನು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಸುಳ್ಳಾಗುತ್ತದೆ. ನಾನು ಮೊದಲು ಹುಡುಕಿದ್ದು ಕೆಳಗಿನ ಚೀಟಿಯಲ್ಲಿ ನನ್ನ ಹೆಸರನ್ನು. ಅದಿರಲಿಲ್ಲ. 'ವೆನ್ನೆಲ' ಅಂತ ಬರೆದಿತ್ತು. ತೆಲುಗಿನಲ್ಲಿ ವೆನ್ನು ಅಂದರೆ ಬೆನ್ನು, ವೆನ್ನೆಲ ಅಂದರೆ ಬೆಳದಿಂಗಳು. ಅದರ ಕೆಳಗೆ ಮೇಡಂ ಹೆಸರು. ಆಮೇಲೆ ಕಣ್ಣು ಮೇಲೆತ್ತಿದಾಗಲೇ ಆ ಚೇಳಿನ ಹಚ್ಚೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ ಅನ್ನುವುದು ಹೊಳೆದದ್ದು. ಆಕೆಯನ್ನು ಬಲ್ಲವರಿಗೆ ಅಷ್ಟೇ ಸಾಕಿತ್ತು.

ಮೇಡಂ ಯಾರೋ ಅತಿಥಿಗಳ ಜೊತೆ ಮಾತಾಡುತ್ತಿದ್ದವರು ನನ್ನ ಕಂಡು ನಗುತ್ತಾ ಬಂದರು. "ನೋಡ್ದೇನೆ? ಎಲ್ರೂ ಅದರ ಮುಂದೇನೇ ನಿಂತವ್ರೆ."

"ಮೇಡಂ, ಯಾರಿಗೂ ತೋರಿಸಬೇಡಿ ಅಂತ ಹೇಳಿದ್ನಲ್ಲ."

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ." ಇಷ್ಟು ಸರಾಗವಾಗಿ ಹೇಳಿದರು. "ಇಂಥಾದ್ದನ್ನ ಪೆಟ್ಟಿಗೇಲಿ ಇಟ್ಕೊಂಡು ಏನು ಮಾಡ್ತೀಯ? ಮಚ್ಚೆ ಅಂದ್ರೆ ನಾಚ್ಕೊಳ್ಳೋ ಜನ ಇದನ್ನ ನೋಡಿ ಚೆಂದ ಅಂತಾವ್ರೆ. ಆಯಮ್ಮಂಗೇ ಒಳ್ಳೇದಲ್ವಾ?"

"ಕೆಳಗೆ ನಿಮ್ಮ ಹೆಸರು ಐತೆ."

"ನಿನ್ನ ಹೆಸರು ಹಾಕಿದ್ರೆ ಆಯಮ್ಮ ರಾಯದುರ್ಗದೋಳು ಅಂತ ತಿಳಿಯಾಕಿಲ್ವಾ? ಆಯಮ್ಮನ್ನ ಉಳಿಸೋಕೆ ಅಂತಾನೇ ನಂದು ಹಾಕ್ದೆ."

ಒಂದು ಕ್ಷಣ ನಾನು ಅದನ್ನು ನಂಬಿದೆ. ಅವರ ಮಾತು ಯಾವಾಗಲೂ ಹಾಗೆ, ನಂಬದೇ ಇರಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಕನ್ನಡಕದ ಒಬ್ಬ ಹಿರಿಯರು ಬಂದು, ಈ ಬೆಳಕನ್ನು ಹೇಗೆ ಹಿಡಿದಿರಿ ಅಂತ ಮೇಡಂ ಅವರನ್ನು ತೆಲುಗಿನಲ್ಲಿ ಕೇಳಿದರು. ಮೇಡಂ ನನ್ನ ಕಡೆ ನೋಡಲಿಲ್ಲ. ನಮ್ಮ ಮನೆಯ ಗವಾಕ್ಷಿ ಅಂದರು. ಕರೆಂಟು ಹೋಗಿತ್ತು ಅಂದರು. ನಾನು ಅವರಿಗೆ ಬರೆದು ಕಳಿಸಿದ್ದ ಮಾತನ್ನೇ ಒಂದೂ ಬಿಡದೆ ಹೇಳಿದರು.

ನಾನು ವೇದಿಕೆ ಹತ್ತಿ ಫೋಟೋವನ್ನು ಕೊಕ್ಕೆಯಿಂದ ಎತ್ತಿ ಇಳಿಸಿದೆ. ನನಗಿಂತ ಎತ್ತರ ಇತ್ತು, ಸೀರೆ ಕಾಲಿಗೆ ತೊಡರಿಕೊಂಡಿತು. ಮೇಡಂ ಕೆಳಗಿಂದಲೇ, "ಏಯ್, ತಲೆ ಕೆಟ್ಟೈತಾ ನಿಂಗೆ?" ಅಂದವರು, ಜನ ತಿರುಗಿದ್ದು ಕಂಡು, "ಏಮೀ ಲೇದಂಡಿ," ಏನೂ ಇಲ್ಲ ಅಂತ ನಗುನಗುತ್ತಾ ಸಮಾಧಾನ ಮಾಡಿದರು. ಅದು ಗಾಜಿನ ಫ್ರೇಮಲ್ಲ, ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದು. ಮೇಲೆ ಕೆಳಗಿನ ಮರದ ಪಟ್ಟಿ ಕಳಚಿ ಚಾಪೆಯ ಹಾಗೆ ಸುತ್ತಿ ಎದೆಗೆ ಅವುಚಿಕೊಂಡು ಹೊರಟೆ. ನನ್ನ ಹೆಸರಿದ್ದ ಎರಡು ಫೋಟೋಗಳನ್ನು ದಾಟಿಯೇ ಹೋಗಬೇಕಾಗಿತ್ತು. ಅವುಗಳನ್ನು ನೋಡಲೂ ಮನಸ್ಸಾಗಲಿಲ್ಲ.

ಊರಿಗೆ ಬಂದವಳು ನೇರವಾಗಿ ಆಕೆಯ ಮನೆಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಎಷ್ಟೋ ದೂರದ ಊರಿನಲ್ಲಿ ನಡೆದದ್ದು, ಇಲ್ಲಿಯವರೆಗೆ ಬರಲಾರದು ಅಂದುಕೊಂಡು ನಾಲ್ಕು ದಿನ ಸುಮ್ಮನಿದ್ದೆ. ಬಂದದ್ದು ಫೋನಿನಲ್ಲಿ. ಅವತ್ತು ಮಂಟಪದಲ್ಲಿ ಫೋಟೋ ತೆಗೆದವರಲ್ಲಿ ಯಾರೋ ಸ್ಟೇಟಸ್ ಹಾಕಿದ್ದರು, ಅವರಿಂದ ಇನ್ನೊಬ್ಬರು. ಕಡೆಗೆ ಆಕೆಯ ನಾದಿನಿ ಅಡುಗೆಮನೆಯಲ್ಲಿ ಫೋನನ್ನು ಆಕೆಯ ಮುಖಕ್ಕೆ ಹಿಡಿದು, ಈ ಕೈ ನಿಂದಲ್ಲೇನು ಅಂತ ಕೇಳಿದಳಂತೆ.

ಐದನೇ ದಿನ ಆಕೆಯೇ ಬಂದಳು. ಊಟದ ಬಿಡುವಿನ ಹೊತ್ತಲ್ಲ, ಬೆಳಿಗ್ಗೆ ಹತ್ತಕ್ಕೆ. ಕೂಗಾಡುತ್ತಾಳೆ ಅಂದುಕೊಂಡೆ. ಸ್ಟೂಲಿನ ಮೇಲೆ ಕೂತು, "ನನ್ನ ಊಟದ ತಟ್ಟಿ ಬ್ಯಾರೆ ಇಟ್ಟಾರ್ರಿ," ಅಂದಳು. ಆಮೇಲೆ, "ನಾದಿನಿ ತನ್ನ ಕೂಸನ್ನ ಎತ್ಕೊಳಾಕ ಬಿಡವಲ್ಲಳು," ಅಂದಳು.

ನಾನು ಎಲ್ಲವನ್ನೂ ಹೇಳಿದೆ. ನಾನೇ ಕಳಿಸಿದ್ದು, ಮೇಡಂ ಮೋಸ ಮಾಡಿದ್ದು, ನನ್ನ ಹೆಸರು ತೆಗೆದು ತಮ್ಮ ಹೆಸರು ಹಾಕಿಕೊಂಡದ್ದು. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಒಳಗಿಂದ ಆ ಸುರುಳಿ ತಂದು ನೆಲದ ಮೇಲೆ ಬಿಚ್ಚಿದೆ. ಆಕೆ ಎದ್ದು ನಿಂತು ಬಹಳ ಹೊತ್ತು ನೋಡಿದಳು. ಅಷ್ಟು ದೊಡ್ಡದಾಗಿ ತನ್ನನ್ನು ತಾನು ಎಂದೂ ನೋಡಿರಲಿಲ್ಲ.

"ನಿಮ್ಮ ಮೇಡಂ ಹೆಸರು ಹಾಕ್ಯಾರ, ನಿಮ್ಮ ಹೆಸರು ಹಾಕಿಲ್ಲ, ಅದಕ್ಕ ಅಳ್ತೀರೇನ್ರಿ?" ಅಂದಳು. "ಬೆನ್ನು ನಂದಲ್ರಿ?"

ನಾನು ಕಣ್ಣೊರೆಸಿಕೊಂಡು ಸುರುಳಿಯನ್ನು ಮತ್ತೆ ಸುತ್ತಿದೆ.

ಆಕೆ ಕೇಳಿದ್ದು ಎರಡೇ. ಕಂಪ್ಯೂಟರಿನಲ್ಲಿರುವ ಎಲ್ಲವನ್ನೂ ತನ್ನ ಕಣ್ಣೆದುರಿಗೇ ಅಳಿಸಬೇಕು. ಅಳಿಸಿದೆ. ಎರಡನೆಯದು, ಮನೆಗೆ ಬಂದು ಇದು ಅಂಟುವ ರೋಗವಲ್ಲ ಅಂತ ಹೇಳಬೇಕು. ಅದಕ್ಕೂ ಹೋದೆ. ಆಕೆಯ ಅತ್ತೆ ಎಲ್ಲ ಕೇಳಿಸಿಕೊಂಡು, "ಫೋಟೋ ತೆಗಿಯೋರು ನೀವು, ಡಾಕ್ಟರ್ ಅಲ್ಲಲ್ರಿ," ಅಂದು ಟೀ ಕೊಟ್ಟರು. ಮಾತು ಸರಿಯಾಗಿಯೇ ಇತ್ತು. ಕೊನೆಗೆ ಆಕೆಯ ಗಂಡ ತನ್ನ ತಾಯಿಯನ್ನೂ ತಂಗಿಯನ್ನೂ ಬಳ್ಳಾರಿಗೆ ಕರೆದುಕೊಂಡು ಹೋಗಿ ಡಾಕ್ಟರ ಬಾಯಿಂದಲೇ ಹೇಳಿಸಿದ ಮೇಲೆ ತಟ್ಟೆ ಒಂದಾಯಿತಂತೆ. ಮುಖ ಗಂಟು ಹಾಕುತ್ತಿದ್ದವನು ಅಷ್ಟು ಮಾಡಿದ. ಸುರುಳಿಯನ್ನು ಆಕೆ ಸ್ಟುಡಿಯೋಗೆ ಬಂದ ದಿನವೇ ಕಂಕುಳಲ್ಲಿಟ್ಟುಕೊಂಡು ಹೋಗಿದ್ದಳು. ಏನು ಮಾಡಿದಳೋ ನಾನು ಕೇಳಲಿಲ್ಲ.

ಮೇಡಂ ಒಂದು ಸಲ ಫೋನ್ ಮಾಡಿದರು. ಪ್ರದರ್ಶನ ಅನಂತಪುರಕ್ಕೂ ಹೋಗುತ್ತಿದೆ, ಆ ಫೋಟೋ ಬೇಡ ಬಿಡು, ನಿನ್ನ ಎರಡು ಇರಲಿ ಅಂದರು. ತಪ್ಪಾಯಿತು ಅನ್ನುತ್ತಾರೇನೋ ಅಂತ ಕಾದೆ. "ನನ್ನ ಮೇಲೆ ಕೋಪಾನಾ?" ಅಂತಷ್ಟೇ ಕೇಳಿದರು, ಹೈಸ್ಕೂಲು ಹುಡುಗಿಯನ್ನು ಕೇಳುವ ಹಾಗೆ. ನನ್ನವನ್ನೂ ತೆಗೆದುಬಿಡಿ ಅಂದೆ. ಆಮೇಲೆ ನಮ್ಮಲ್ಲಿ ಮಾತಿಲ್ಲ. ಕೋಪಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆ. ಬೆಳಕು ನೋಡು ಅಂತ ಕಲಿಸಿದ ಆ ದನಿ ಈಗ ನೆನಪಾದಾಗಲೆಲ್ಲ, ಮಂಟಪದಲ್ಲಿ ನಮ್ಮ ಮನೆಯ ಗವಾಕ್ಷಿ ಅಂದ ದನಿಯೂ ಅದರ ಜೊತೆಗೇ ಬರುತ್ತದೆ. ಎರಡನ್ನೂ ಬೇರೆ ಮಾಡಲು ಆಗುತ್ತಿಲ್ಲ. ಆದರೆ ಮೊದಲು ಮಾತು ಮುರಿದವಳು ನಾನು ಅನ್ನುವುದನ್ನೂ ಯಾರ ತಲೆಗೂ ಕಟ್ಟಲಾರೆ.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದಳು. ಚೆನ್ನಾಗಿದ್ದೀಯಾ ಅಂದೆ. "ಹೂನ್ರಿ," ಅಂದಳು. ಕೈಯಲ್ಲಿ ತನ್ನದೇ ಒಂದು ಫೋನಿತ್ತು.

"ಈಗ ನಮ್ಮನಿಯವರೇ ತೆಗೀತಾರ್ರಿ ಫೋಟೋ," ಅಂದಳು. ಹೇಳುವಾಗ ಮುಖದಲ್ಲಿ ಸಣ್ಣ ನಗು ಬಂದುಹೋಯಿತು. ಒಂದಿಷ್ಟು ಅನುಮಾನಿಸಿ, ಅತ್ತಿತ್ತ ನೋಡಿ, ಫೋನನ್ನು ನನ್ನ ಕಡೆ ಹಿಡಿದಳು. "ನೀವು ಮೊದಲಿಂದ ನೋಡೀರಿ. ಹೇಳ್ರಿ, ಕಡಿಮಿ ಆಗೇತೇನು?"

ಅಲ್ಲಾಡಿದ, ಮಸುಕಾದ ಫೋಟೋ. ಆದರೂ ಎಡ ಭುಜದ ಕೆಳಗೆ ಬಿಳುಪಿನ ನಡುವೆ ಮೈಬಣ್ಣದ ಚುಕ್ಕೆಗಳು ಮೂಡಿದ್ದವು.

"ಕಡಿಮೆ ಆಗಿದೆ," ಅಂದೆ. ಇನ್ನೂ ಸರಿಯಾಗಿ ನೋಡೋಣ ಅಂತ ಕೈ ಚಾಚಿದೆ. ಆಕೆ ಫೋನು ಕೊಡಲಿಲ್ಲ. ಪರದೆ ಆರಿಸಿ ಚೀಲದೊಳಗೆ ಹಾಕಿ ಜಿಪ್ ಎಳೆದುಕೊಂಡು, "ಬಸ್ ಬಂತ್ರಿ, ಬರ್ತೀನಿ," ಅಂದು ಹೊರಟಳು.