ಆಲೂಗೆಡ್ಡೆ ಗೋಡೌನಿನ ಯಶೋಧರಾ

ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಹಳೇಕೋಟೆಯ ಮುದ್ದಮ್ಮನಿಗೆ ಇವತ್ತಿಗೂ ಒಂದೇ ಉಸಿರಿನಲ್ಲಿ ಹೇಳಲು ಬರುವುದಿಲ್ಲ. ಯಶೋಧರಾ ಚಿತ್ರ ಬರೆಯುತ್ತಾಳೆ, ಕೌದಿ ಹೊಲಿಸುತ್ತಾಳೆ, ಕತೆ ಹೇಳುತ್ತಾ ಕುಣಿಯುತ್ತಾಳೆ. ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದವಳು ಯಾವುದಾದರೂ ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ಆಗಿ ತಣ್ಣಗೆ ಇರಬಹುದಿತ್ತು. ಹಾಗಿರುವ ಜಾಯಮಾನ ಅವಳದಲ್ಲ.

ಹಾಸನದ ಹೊರಗೆ ಖಾಲಿ ಬಿದ್ದಿದ್ದ ಆಲೂಗೆಡ್ಡೆ ಗೋಡೌನೊಂದನ್ನು ಗೆಳತಿ ಶಿವರಂಜನಿ ತನ್ನ ಅಪ್ಪನ ಬೆನ್ನು ಬಿದ್ದು ಕೊಡಿಸಿದಳು. ಅವನು ಚನ್ನರಾಯಪಟ್ಟಣದ ವ್ಯಾಪಾರಿ. ಮಗಳ ಕಾಟ ತಡೆಯಲಾರದೆ ಬೀಗದ ಕೈ ಕೊಟ್ಟ. ಈಗ ಭಾನುವಾರ ಬಂತೆಂದರೆ ಹೊಳೆನರಸೀಪುರ, ಅರಕಲಗೂಡಿನ ಬಸ್ಸು ಇಳಿದ ಹೆಂಗಸರು ಅಲ್ಲಿ ಸೇರುತ್ತಾರೆ. ಗಾರೆ ಕೆಲಸದವರು, ಗಾರ್ಮೆಂಟ್ಸಿನವರು, ಮನೆಯಲ್ಲಿ ಕೂತು ಬೇಸತ್ತವರು. ತಮ್ಮ ಬೀದಿಯಲ್ಲಿ ಆದದ್ದನ್ನು ಅವರು ಹೇಳಬೇಕು, ಯಶೋಧರಾ ಅದನ್ನು ಇದ್ದಿಲಿನಿಂದ ಬಟ್ಟೆಯ ಮೇಲೆ ಬರೆಯಬೇಕು, ಆ ಗೆರೆಗಳ ಮೇಲೆ ಅವರೇ ಹಳೇ ಸೀರೆಯ ತುಂಡು ಇಟ್ಟು ಹೊಲಿಯಬೇಕು. ಮೊದಮೊದಲು ಒಬ್ಬರು ಕುಡಿದ ಲೋಟ ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಹೊಲಿಗೆ ಸಾಗಿದಂತೆ ಒಬ್ಬರ ದಾರವನ್ನು ಇನ್ನೊಬ್ಬರು ಹಲ್ಲಿನಲ್ಲಿ ಕಡಿಯತೊಡಗಿದರು. ಆಮೇಲೆ ಲೋಟದ ವಿಚಾರ ಯಾರೂ ಎತ್ತಲಿಲ್ಲ.

ಎಲ್ಲವೂ ಸರಿಯಿತ್ತು, ತಮಟೆಯೊಂದನ್ನು ಬಿಟ್ಟು. ಹೊಲಿದ ಬಟ್ಟೆ ಬಿಚ್ಚಿ ಕತೆ ಹೇಳುವಾಗ ತಮಟೆ ಇಲ್ಲದಿದ್ದರೆ ಸಪ್ಪೆ ಎನ್ನಿಸಿ ಯಶೋಧರಾ ಎರಡು ತಮಟೆ ತಂದಳು, ಬಾರಿಸುವುದನ್ನೂ ಕಲಿತಳು. ಅಪ್ಪನಿಗೆ ಮಾತ್ರ ಹೇಳಲಿಲ್ಲ.

ಅಪ್ಪ ಬೈರಯ್ಯ ಒಂದು ಕಾಲಕ್ಕೆ ಹೆಸರಾದ ತಮಟೆಯವನು. ಸುತ್ತಲಿನ ಯಾರ ಮನೆಯಲ್ಲಿ ಸಾವಾದರೂ ಆಳೊಬ್ಬ ಬೀದಿಯ ತುದಿಯಲ್ಲಿ ನಿಂತು ಕೂಗುತ್ತಿದ್ದ, ಹೋಗಲೇಬೇಕಿತ್ತು. ಜ್ವರ ಬಂದು ಮಲಗಿದ್ದ ದಿನವೂ ಎಬ್ಬಿಸಿಕೊಂಡು ಹೋದರು. ಬಾರಿಸಿದವನಿಗೆ ಊಟ ತಿಪ್ಪೆಯ ಪಕ್ಕ. ಕೊನೆಗೆ ಬೀದಿಯವರೆಲ್ಲ ಕೂತು ಮಾತಾಡಿ, ಇನ್ನು ಬಾರಿಸುವುದಿಲ್ಲ ಎಂದು ತೀರ್ಮಾನಿಸಿದರು. ಬೈರಯ್ಯ ಮನೆಗೆ ಬಂದವನೇ ತಮಟೆ ಒಡೆದು ಒಲೆಗಿಟ್ಟ. ಯಶೋಧರಾ ಆಗ ತೊಟ್ಟಿಲ ಕೂಸು.

ಮೊದಲ ಪ್ರದರ್ಶನದ ಬೆಳಿಗ್ಗೆ ಅವ್ವನ ಫೋನು ಬಂತು. "ನಿಮ್ಮಪ್ಪನೂ ಒಂಟವ್ರೆ ಕಣವ್ವ. ಬ್ಯಾಡ ಅಂದ್ರೂ ಕೇಳ್ನಿಲ್ಲ."

ಯಶೋಧರಾ ತಮಟೆಗಳನ್ನು ಸದ್ಯಕ್ಕೆ ಗೋಡೌನಿನ ಹಿಂದುಗಡೆ ಬಚ್ಚಿಟ್ಟು ಬಂದಳು.

"ಇವತ್ತೊಂದಿನ ತಮಟೆ ಬಿಟ್ಬುಡು ಕಣೆ," ಅಂದಳು ಶಿವರಂಜನಿ.

"ಅಪ್ಪಂಗೆ ಎದ್ರಿ ಬಿಟ್ರೆ ಕಳ್ಳತನ ಮಾಡ್ದಂಗಾಯ್ತದೆ. ಬಾರ್ಸುದ್ರೆ ಅಪ್ಪ ಇನ್ನು ಜಲ್ಮದಲ್ಲಿ ನನ್ ಮಾತಾಡ್ಸಕ್ಕಿಲ್ಲ." ಶುರುವಾಗುವ ಮುಂಚೆ ತಾನೇ ಹೇಳಿಬಿಡಬೇಕು ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು.

ಅಪ್ಪ ಅವ್ವ ಬಂದರು. ಜನ ತುಂಬಿದರು. ಮೈಕು ಸರಿಮಾಡಿ ತಿರುಗಿ ನೋಡಿದರೆ ಅಪ್ಪ ಇಲ್ಲ.

"ಬೀಡಿ ಸೇದ್ಕಬತ್ತೀನಿ ಅಂತ ಇಂದ್ಗಡೀಕೋದ್ರು," ಅಂದಳು ಮುದ್ದಮ್ಮ.

ತಮಟೆಗಳನ್ನು ಬಚ್ಚಿಟ್ಟಿದ್ದೂ ಹಿಂದುಗಡೆಯೇ! ಕಿಟಕಿಯಾಚೆ ಹೊಗೆ ಏಳುತ್ತಿತ್ತು. ಸುಟ್ಟೇಬಿಟ್ಟ ಎಂದುಕೊಂಡು ಯಶೋಧರಾ ಓಡಿದಳು. ಸುಡಲಿ, ಅವನಿಗೆ ಆ ಹಕ್ಕಿದೆ ಎಂದೂ ಅನ್ನಿಸಿತು. ಅಳುವೂ ಬಂತು.

ಬೈರಯ್ಯ ಕುಕ್ಕರಗಾಲಿನಲ್ಲಿ ಕೂತಿದ್ದ. ಎದುರಿಗೆ ಒಣಹುಲ್ಲಿನ ಸಣ್ಣ ಬೆಂಕಿ. ಕೈಯಲ್ಲಿ ತಮಟೆ, ಅದರ ನಡುವೆ ದೋಸೆಯಗಲದ ತೂತು. ಮುಖ ಪೆಚ್ಚಾಗಿತ್ತು.

"ಸದ್ದು ಬಿಗಿಯಾಗ್ಲಿ ಅಂತ ಒಸಿ ಕಾಯ್ಸ್ದೆ ಕಣವ್ವ. ಇದ್ಯಾವ ದನದ ಚರ್ಮ? ಬೆಂಕಿ ಕಾಣ್ತಿದ್ದಂಗೆ ಕರಗೋಯ್ತು!"

"ಚರ್ಮ ಅಲ್ಲಪ್ಪ, ಫೈಬರ್ರು. ಕಾಯ್ಸಂಗಿಲ್ಲ. ಬೋಲ್ಟ್ ತಿರುಗುಸ್ಬೇಕು."

"ಬೋಲ್ಟಾ?"

ಅರ್ಧ ಆಯುಷ್ಯ ತಮಟೆಯನ್ನು ಬೆಂಕಿಗೆ ಹಿಡಿದೇ ಬಿಗಿ ಮಾಡಿದವನಿಗೆ ಬೋಲ್ಟು ಹೊಳೆಯುವುದಾದರೂ ಹೇಗೆ? ಯಶೋಧರಾ ಅಲ್ಲೇ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಬಯ್ಯಕ್ಕಿಲ್ವೇನಪ್ಪ?"

ಬೈರಯ್ಯ ಬೆಂಕಿಯ ಮೇಲೆ ಮಣ್ಣು ಎಳೆದ. "ಒಂದ್ ಮಾತೇಳು. ಇವತ್ತು ಬಂದು ಬಾರ್ಸು ಅಂತ ನಿನ್ನ ಯಾರು ಕೂಗುದ್ರು?"

"ಯಾರೂ ಕೂಗ್ನಿಲ್ಲ. ನಾನೇ ಎಲ್ಲಾರ್ನೂ ಕರ್ದಿವ್ನಿ."

"ಅಂಗಾರೆ ಬಾರ್ಸು."

ಉಳಿದಿದ್ದ ಇನ್ನೊಂದು ತಮಟೆಯನ್ನು ಯಶೋಧರಾ ಹೆಗಲಿಗೆ ಹಾಕಿಕೊಂಡಳು. ಬೈರಯ್ಯ ಒಳಗೆ ಬಂದು, ಮೂಲೆಯಲ್ಲಿ ಪೇರಿಸಿದ್ದ ಕುರ್ಚಿಗಳಲ್ಲಿ ಒಂದನ್ನು ತಾನೇ ಬಿಡಿಸಿ ತಂದು, ಎಲ್ಲರಿಗಿಂತ ಮುಂದೆ ಹಾಕಿಕೊಂಡು ಕಾಲ ಮೇಲೆ ಕಾಲು ಹಾಕಿದ. ತಮಟೆ ಸದ್ದು ಎದ್ದಿತು. ಆ ಸದ್ದಿನಲ್ಲಿ ತನ್ನ ಗಂಡ ಕೂತಿರುವುದನ್ನು ಮುದ್ದಮ್ಮ ನೋಡಿದ್ದು ಅದೇ ಮೊದಲು.