ಚೀಲದೊಳಗಿನ ಎರಡು ಗುಂಡಿ

ಬೀದಿಯವರೆಲ್ಲ ಅವನನ್ನು ಅರ್ಧ ಇಂಚು ಮಾಸ್ತರ ಎನ್ನುತ್ತಾರೆ. ಯಾರ ಅಂಗಿ ಹೊಲಿದರೂ ಒಳಹೊಲಿಗೆಯಲ್ಲಿ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಬಿಡುವುದು ಅವನ ಪದ್ಧತಿ. ಮನುಷ್ಯ ಅಂದಮೇಲೆ ಉಬ್ಬುತ್ತಾನೆ, ಉಬ್ಬಿದಾಗ ಬಿಚ್ಚಿಕೊಳ್ಳಲಿ ಎಂಬುದು ಅವನ ವಾದ. ಮಿಕ್ಕ ಬಟ್ಟೆ ಅಂಗೈಯಗಲವಿದ್ದರೂ ಸುತ್ತಿ ವಾಪಸು ಕೊಡುತ್ತಾನೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎನ್ನುವ ಜನ ದರ್ಜಿಯನ್ನು ಮಾತ್ರ ಸುಮ್ಮನೆ ಬಿಡುತ್ತಾರೆಯೇ? ಆದರೂ ಈ ಮಾಸ್ತರನ ವಿಷಯ ಬಂದಾಗ ಅಂಥ ಬಾಯಿಗಳೂ ಮುಚ್ಚಿಕೊಳ್ಳುತ್ತಿದ್ದವು. ಅದರ ಬಗ್ಗೆ ಅವನಿಗೆ ಒಳಗೊಳಗೇ ಒಂದಿಷ್ಟು ಜಂಬವಿತ್ತು. ಜಂಬ ಪಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಜಂಬವಿರುವವರು ತಮ್ಮ ಮನೆಯ ಅಟ್ಟ ಹತ್ತುವ ಮುಂಚೆ ಒಂದು ಸಲ ಯೋಚಿಸಿಕೊಳ್ಳಬೇಕು, ಅಷ್ಟೆ.

ಅವನು ಹತ್ತಿದ್ದು ಹೆಂಡತಿಯ ಕಾಟ ತಡೆಯಲಾರದೆ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅಂಗಡಿಯ ನೆತ್ತಿಯ ಮೇಲೆ ಹಲಗೆಯ ಅಟ್ಟ. ಇದು ಅವನಪ್ಪನ ಕಾಲದ ಮನೆ. ಅಟ್ಟದ ಹಲಗೆಗೆ ಗೆದ್ದಲು ಹಿಡಿದು, ಕತ್ತರಿಸುವ ಮೇಜಿನ ಮೇಲೆ ದಿನಾ ಬೆಳಗ್ಗೆ ಹಿಟ್ಟಿನಂಥ ಪುಡಿ ಬೀಳುತ್ತಿತ್ತು. ಗೆದ್ದಲಿಗೆ ಔಷಧಿ ಹೊಡೆಯುವವನು ಸೋಮವಾರ ಬರುತ್ತೇನೆ, ಅಷ್ಟರಲ್ಲಿ ಮೇಲಿನದೆಲ್ಲ ಖಾಲಿ ಮಾಡಿಟ್ಟಿರಿ ಎಂದಿದ್ದ. ಹೀಗಾಗಿ ಭಾನುವಾರ ಬೆಳಗ್ಗೆ, ಅರವತ್ತು ದಾಟಿದ ಮಾಸ್ತರ ಏಣಿ ಹತ್ತಿದ. ಕೆಳಗೆ ಏಣಿ ಹಿಡಿದಿದ್ದ ಹೆಂಡತಿ, ಬಿದ್ದರೆ ತನ್ನ ಮೇಲೆ ಬೀಳಬಾರದೆಂದು ಮೊದಲೇ ತಾಕೀತು ಮಾಡಿದಳು.

ಮೇಲೆ ಇದ್ದದ್ದು ಯಾವ ಮನೆಯ ಅಟ್ಟದಲ್ಲೂ ಇರುವಂಥದ್ದೇ. ಕಾಲು ಮುರಿದ ಕುರ್ಚಿ, ತುಕ್ಕು ಹಿಡಿದ ಇಸ್ತ್ರಿ ಪೆಟ್ಟಿಗೆ, ಈಗ ಬದುಕಿಲ್ಲದ ಗಿರಾಕಿಗಳ ಅಳತೆ ರಟ್ಟುಗಳ ಕಟ್ಟು. ಒಂದೊಂದನ್ನೇ ಕೆಳಗಿಳಿಸಿದ ಮೇಲೆ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಉಳಿಯಿತು. ಅದು ಅವನ ಅಕ್ಕನದು. ಮದುವೆಯಾಗಿ ಹೋಗುವಾಗ ಬೇರೆ ಪೆಟ್ಟಿಗೆ ಒಯ್ದು ಇದನ್ನು ಇಲ್ಲೇ ಬಿಟ್ಟಿದ್ದಳು. ಬೀಗವಿರಲಿಲ್ಲ. ಮಾಸ್ತರ ಗೆದ್ದಲು ಹೊಕ್ಕಿದೆಯೇ ನೋಡೋಣ ಎಂದು ಮುಚ್ಚಳ ಎತ್ತಿದ. ನಿಜಕ್ಕೂ ಗೆದ್ದಲಿಗಾಗಿಯೇ ಎತ್ತಿದ್ದು.

ಒಳಗೆ ಅಂಗಿಯ ಅಳತೆ ಕಾಗದದಲ್ಲಿ ಸುತ್ತಿ, ದಾರ ಕಟ್ಟಿದ ಆರು ಪೊಟ್ಟಣಗಳು. ಮೊದಲನೆಯದನ್ನು ಬಿಚ್ಚಿದರೆ ಕಪ್ಪೆಚಿಪ್ಪು ಅಂಟಿಸಿದ ಪುಟ್ಟ ಪೆಟ್ಟಿಗೆ. ಎರಡನೆಯದರಲ್ಲಿ ನೀರು ತುಂಬಿದ ಗಾಜಿನ ಗೋಲ. ಅಲ್ಲಾಡಿಸಿದರೆ ಒಳಗಿನ ಹಡಗಿನ ಸುತ್ತ ಮಿಂಚಿನ ಪುಡಿ ಸುರಿಯಬೇಕು, ಈಗ ನೀರು ಅರ್ಧಕ್ಕಿಳಿದು ಹಡಗು ನೆಲ ಕಂಡಿತ್ತು. ಆಮೇಲೆ ದೀಪಸ್ತಂಭದ ಆಕಾರದ ತಗಡಿನ ಪೆನ್ಸಿಲ್ ಶಾರ್ಪನರ್, ಸೀಸೆಯಲ್ಲಿ ಪಟ್ಟೆಪಟ್ಟೆಯಾಗಿ ತುಂಬಿದ ಬಣ್ಣದ ಮರಳು, ಸೂರ್ಯಾಸ್ತದ ಚಿತ್ರವಿದ್ದ ಕರವಸ್ತ್ರ, ಕೊನೆಗೆ ಹಿಡಿಯಲ್ಲಿ ಮೀನು ಕೆತ್ತಿದ ಬಾಚಣಿಗೆ. ಆರೂ ಸಮುದ್ರ ತೀರದ ಅಂಗಡಿಗಳಲ್ಲಿ ರಜೆಗೆ ಬಂದವರಿಗೆಂದೇ ಮಾರುವಂಥ ಸಾಮಾನು. ಆರನ್ನೂ ಮಾಸ್ತರನೇ, ಅಂದರೆ ಅವನು ಹುಡುಗನಾಗಿದ್ದಾಗ, ಅಕ್ಕನಿಗೆಂದು ತಂದುಕೊಟ್ಟದ್ದು.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಅವರಮ್ಮನಿಗೆ ಉಬ್ಬಸ. ವರ್ಷಕ್ಕೊಮ್ಮೆ ಸಮುದ್ರದ ಗಾಳಿ ಕುಡಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಿಂದ ಅಪ್ಪ ಪ್ರತಿ ಬೇಸಿಗೆ ಅಂಗಡಿಗೆ ಎಂಟು ದಿನ ಬಾಗಿಲು ಹಾಕಿ, ತೀರದಲ್ಲಿ ಒಂದು ಕೋಣೆ ಹಿಡಿಯುತ್ತಿದ್ದ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ. ಅಡುಗೆಗೆ, ರಾತ್ರಿ ಜೊತೆಗೆ ಪಕ್ಕದ ಮನೆಯಾಕೆ ಬರುತ್ತಿದ್ದಳು. ಹಗಲಿಗೆ ಔಷಧಿ ಕುಡಿಸಲು, ಮಗ್ಗುಲು ಬದಲಿಸಲು ಮಕ್ಕಳಿಬ್ಬರಲ್ಲಿ ಒಬ್ಬರು ಉಳಿಯಲೇಬೇಕು. ಅಮ್ಮ ನ್ಯಾಯವಂತೆ. ಇಂಥವರೇ ಉಳಿಯಿರಿ ಎನ್ನಲು ಬಾಯಿ ಬಾರದೆ, ಒಂದು ಬಟ್ಟೆ ಚೀಲದಲ್ಲಿ ಎರಡು ಗುಂಡಿ ಹಾಕಿದಳು. ಬಿಳಿಯದು ಬಂದವರು ಸಮುದ್ರಕ್ಕೆ, ಕರಿಯದು ಬಂದವರು ಅಜ್ಜಿಯ ಹತ್ತಿರ. ಚಿಕ್ಕವನೆಂದು ಮೊದಲು ಕೈ ಹಾಕುವ ಹಕ್ಕು ತಮ್ಮನದು. ಅವನಿಗಾಗ ಹತ್ತು, ಅಕ್ಕನಿಗೆ ಹದಿಮೂರು.

ಅಮ್ಮ ಎರಡು ಗುಂಡಿಗಳ ಗಾತ್ರ ನೋಡಿದಳು, ತೂಕ ನೋಡಿದಳು. ತೂತು ನೋಡಲಿಲ್ಲ. ಬಿಳಿಯದು ಅಂಗಿಯ ಗುಂಡಿ, ನುಣುಪು, ಎರಡು ತೂತು. ಕರಿಯದು ಕೋಟಿನದು, ಸುತ್ತ ಏರು ಅಂಚು, ನಾಲ್ಕು ತೂತು. ಬೇರೆ ಮನೆಯ ಮಕ್ಕಳಾಗಿದ್ದರೆ ನಡೆಯುತ್ತಿತ್ತು. ಗುಂಡಿಗಳನ್ನೇ ಆಟದ ಸಾಮಾನು ಮಾಡಿಕೊಂಡು ಬೆಳೆದ ದರ್ಜಿಯ ಮಕ್ಕಳಿಗೆ ಗುಂಡಿ ಹಾಕಿ ಚೀಟಿ ಎತ್ತಿಸುವುದೆಂದರೆ ಮೀನಿಗೆ ಈಜುವ ಪರೀಕ್ಷೆ ಇಟ್ಟ ಹಾಗೆ.

ಮೊದಲನೇ ವರ್ಷ ಹುಡುಗನಿಗೆ ಬಿಳಿ ಬಂದದ್ದು ಅದೃಷ್ಟ, ಅದರಲ್ಲಿ ಮೋಸವಿಲ್ಲ. ಆದರೆ ಗುಂಡಿ ಕೈಯಲ್ಲಿದ್ದಾಗ ಹೆಬ್ಬೆರಳಿಗೆ ಎರಡು ತೂತು ತಾಕಿದವು, ಹೆಬ್ಬೆರಳು ಅದನ್ನು ನೆನಪಿಟ್ಟುಕೊಂಡಿತು. ಎರಡನೇ ವರ್ಷದಿಂದ ಆರನೇ ವರ್ಷದವರೆಗೆ ಅವನು ಚೀಲದೊಳಗೆ ಕೈ ಹಾಕಿ, ತಡವಿ, ನಾಲ್ಕು ತೂತಿನದನ್ನು ಬಿಟ್ಟು ಎರಡು ತೂತಿನದನ್ನು ಎತ್ತಿದ. ಐದು ಸಲ. ಪ್ರತಿ ಸಲ ಬಿಳಿ ಗುಂಡಿ ನೋಡಿ ಆಶ್ಚರ್ಯವಾದಂತೆ ಮುಖ ಮಾಡಿದ. ಪಾಪ ಅಕ್ಕ ಎಂದು ಲೊಚಗುಟ್ಟಿದ್ದೂ ಉಂಟು. ಏಳನೇ ವರ್ಷ ಅಜ್ಜಿ ಹೋದಳು, ಅದೇ ವರ್ಷ ಅಮ್ಮನೂ ಹೋದಳು, ಸಮುದ್ರದ ಮಾತೇ ನಿಂತಿತು. ಅಕ್ಕ ಇವತ್ತಿನವರೆಗೆ ಸಮುದ್ರ ನೋಡಿಲ್ಲ.

ಮಾಸ್ತರ ಇದನ್ನು ಮರೆತಿದ್ದನೇ ಎಂದು ಕೇಳಿದರೆ, ಮರೆತಿರಲಿಲ್ಲ. ಹುಡುಗಾಟ ಎಂಬ ಹೆಸರು ಬರೆದು ಮೂಲೆಗಿಟ್ಟಿದ್ದ. ಮನುಷ್ಯ ತನ್ನ ತಪ್ಪಿಗೆ ಹೆಸರಿಡುವಾಗ ಬಹಳ ಉದಾರಿ.

ಪೊಟ್ಟಣಗಳೊಳಗೆ ಒಂದೊಂದು ಚೀಟಿಯಿತ್ತು, ಅಕ್ಕನ ದುಂಡನೆಯ ಅಕ್ಷರ. 'ಮೊದಲನೇ ವರ್ಷ. ಅಲೆ ಮೂರಾಳು ಎತ್ತರ ಬರುತ್ತಂತೆ.' 'ಎರಡನೇ ವರ್ಷ. ಮರಳು ಮಧ್ಯಾಹ್ನ ಕಾಲು ಸುಡುತ್ತಂತೆ, ಸಂಜೆ ತಣ್ಣಗಿರುತ್ತಂತೆ.' 'ಮೂರನೇ ವರ್ಷ. ಒಂದು ಏಡಿ ತಮ್ಮನನ್ನು ಅರ್ಧ ಮೈಲಿ ಅಟ್ಟಿಸಿಕೊಂಡು ಬಂತಂತೆ. ಸುಳ್ಳಿರಬೇಕು.' ಅಲ್ಲಿಯವರೆಗೆ ಮಾಸ್ತರನಿಗೆ ನಗು ಬಂತು. ನಾಲ್ಕು, ಐದರಲ್ಲಿ ಒಂದೊಂದೇ ಸಾಲು. ಬಾಚಣಿಗೆಯ ಜೊತೆಗಿದ್ದ ಚೀಟಿಯಲ್ಲಿ 'ಆರನೇ ವರ್ಷ' ಎಂದಷ್ಟೇ ಬರೆದು ಮುಂದೆ ಖಾಲಿ ಬಿಟ್ಟಿದ್ದಳು.

ಎಲ್ಲದರ ಅಡಿಯಲ್ಲಿ ಒಂದು ಫ್ರಾಕು. ನೀಲಿ ಬಟ್ಟೆ, ಬಿಳಿ ಚುಕ್ಕೆ. ಮೊದಲ ವರ್ಷ ಅಮ್ಮ ಒಂದೇ ತಾನಿನ ಬಟ್ಟೆಯಲ್ಲಿ ಅಕ್ಕನಿಗೆ ಫ್ರಾಕು, ಇವನಿಗೆ ಅಂಗಿ ಹೊಲಿದಿದ್ದಳು, ಯಾರು ಹೋದರೂ ಹೊಸ ಬಟ್ಟೆ ಇರಲಿ ಎಂದು. ಇವನ ಅಂಗಿ ಆ ಬೇಸಿಗೆಯಲ್ಲೇ ಉಪ್ಪು ನೀರಿಗೆ ಬಣ್ಣ ಹೋಗಿ ಒರೆಸುವ ಬಟ್ಟೆಯಾಯಿತು. ಫ್ರಾಕಿನ ಚುಕ್ಕೆಗಳು ಮಾತ್ರ ಇನ್ನೂ ಹಾಗೇ ಇದ್ದವು.

ಮಾಸ್ತರ ಅದನ್ನು ಮಂಡಿಯ ಮೇಲೆ ಹರಡಿಕೊಂಡು ಕೆಳ ಅಂಚನ್ನು ತಿರುಗಿಸಿದ. ಓದು ಬರಹ ಅವನಿಗೆ ಅಷ್ಟಕ್ಕಷ್ಟೇ, ಅಂಚು ಓದಲು ಬರುತ್ತದೆ. ಮಡಿಕೆ ಬಿಚ್ಚಿದಲ್ಲಿ ಒಂದು ಮಾಸಲು ಗೆರೆ ಉಳಿಯುತ್ತದೆ, ಎಷ್ಟು ಗೆರೆಯೋ ಅಷ್ಟು ಸಲ ಇಳಿಸಿದ್ದು. ಮೂರು ಗೆರೆ ಇದ್ದವು. ಎರಡನೇ ವರ್ಷಕ್ಕೊಂದು, ಮೂರಕ್ಕೊಂದು, ನಾಲ್ಕಕ್ಕೊಂದು. ಅದರ ಕೆಳಗೆ ಬಟ್ಟೆ ಸಾಲದೆ ಬೇರೆ ನೀಲಿಯ ಪಟ್ಟಿ ಜೋಡಿಸಿತ್ತು. ಅದು ಐದನೇ ವರ್ಷದ್ದು. ಪಕ್ಕದ ಹೊಲಿಗೆಯನ್ನೂ ಬಿಚ್ಚಿ ಸಡಿಲಿಸಿದ ಸೂಜಿ ತೂತುಗಳಿದ್ದವು. ಕಂಕುಳಲ್ಲಿ ಬೆವರಿನ ಕಲೆಯಿಲ್ಲ. ಒಗೆದ ಗುರುತಿಲ್ಲ. ಒಂದು ದಿನವೂ ತೊಟ್ಟಿರದ ಬಟ್ಟೆ. ಪ್ರತಿ ಬೇಸಿಗೆ ಚೀಲ ಹೊರಬರುವ ಮುಂಚೆ ಅಕ್ಕ ಕೂತು, ಈ ಸಲ ತನಗೇ ಬಿಳಿ ಬರಬಹುದು ಎಂದು ಅಂಚು ಇಳಿಸಿಕೊಂಡಿದ್ದಳು. ಆರನೇ ವರ್ಷ ಇಳಿಸಿರಲಿಲ್ಲ.

ಹೆಂಡತಿ ಕೆಳಗಿನಿಂದ, ಸತ್ತಿದ್ದೀರೋ ಬದುಕಿದ್ದೀರೋ ಹೇಳಿ, ನನಗೆ ಒಲೆಯ ಮೇಲೆ ನೀರಿದೆ ಎಂದು ಕೂಗಿದಳು. ಮಾಸ್ತರ ಫ್ರಾಕನ್ನು ಹಳೆಯ ಮಡಿಕೆಗೇ ಮಡಿಚಿ ಪೆಟ್ಟಿಗೆಯಲ್ಲಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಈಗ ನಿಮಗೆ ಇನ್ನೊಂದು ವಿಷಯ ಹೇಳಬೇಕು. ಅಕ್ಕ ಎಲ್ಲೋ ದೂರದಲ್ಲಿಲ್ಲ. ಎರಡು ಬೀದಿ ಆಚೆ ಮಗಳ ಮನೆಯಲ್ಲಿದ್ದಾಳೆ. ಗಂಡ ತೀರಿದ ಮೇಲೆ, ಮೂವತ್ತು ವರ್ಷದಿಂದ, ದಿನಾ ಮಧ್ಯಾಹ್ನ ಎರಡಕ್ಕೆ ತಮ್ಮನ ಅಂಗಡಿಗೆ ಬಂದು ಕೈಕೆಲಸ ಮಾಡುತ್ತಾಳೆ. ಗುಂಡಿ ತೂರುವ ಕಾಜ ಹಾಕುವುದು, ಅಂಚು ಹೊಲಿಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿ ಹಚ್ಚುವುದು. ಈಗ ಮೊಣಕಾಲು ಮಡಚಲಾಗದೆ ಎತ್ತರದ ಸ್ಟೂಲಿನ ಮೇಲೆ ಕೂರುತ್ತಾಳೆ. ಆದ್ದರಿಂದ ಮಾಸ್ತರನಿಗೆ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಹೇಳಿದರೆ, ಇಷ್ಟು ವರ್ಷ ನಂಬಿಕೊಂಡು ಬಂದ ತಮ್ಮನ ಪಕ್ಕದಲ್ಲಿ ಅವಳು ನಾಳೆಯೂ ಬಂದು ಕೂರುತ್ತಾಳೆಯೇ? ಹೇಳದಿದ್ದರೆ, ಅವಳು ಗುಂಡಿ ಹಚ್ಚುವುದನ್ನು ದಿನಾ ನೋಡಿಕೊಂಡು ತಾನು ಹೇಗೆ ಕೂರುವುದು?

ಸೋಮವಾರ ಔಷಧಿಯ ವಾಸನೆ ಎಂದು ಅಂಗಡಿ ತೆರೆಯಲಿಲ್ಲ. ಮಂಗಳವಾರ ತೆರೆದ, ಬಾಯಿ ತೆರೆಯಲಿಲ್ಲ. ಬುಧವಾರ ಒಬ್ಬ ಶಾಲಾ ಮೇಷ್ಟರ ಅಂಗಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಟ್ಟ. ನಲವತ್ತು ವರ್ಷದಲ್ಲಿ ಮಾಡದ ಕೆಲಸ. ಅಕ್ಕ ಎರಡನ್ನೂ ಎತ್ತಿ ಹಿಡಿದು ನೋಡಿ, ಮೇಷ್ಟರಿಗೆ ಬಲಗೈ ಇದೆಯಲ್ಲ, ಬರೆದು ಬರೆದು ಸವೆದುಹೋಗಿಲ್ಲವಲ್ಲ ಎಂದು ಕೇಳಿದಳು. ಮಾಸ್ತರ ನಗಲಿಲ್ಲ. ಕತ್ತರಿ ಕೆಳಗಿಟ್ಟ.

"ಅಕ್ಕ, ನಿನ್ನ ತಗಡಿನ ಪೆಟ್ಟಿಗೆ ತೆಗೆದು ನೋಡಿದೆ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಗೆದ್ದಲು ಹಿಡಿದಿದೆಯಾ ಎಂದಳು. ಇಲ್ಲ ಎಂದ. ಆಮೇಲೆ ಹೇಳಿದ. ಚೀಲ, ಎರಡು ತೂತು, ನಾಲ್ಕು ತೂತು, ಐದು ವರ್ಷ. ಹೇಳುವಾಗ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದ.

ಅಕ್ಕ ದಾರಕ್ಕೆ ಗಂಟು ಹಾಕಿದಳು.

"ಆ ಕರಿ ಗುಂಡಿ ಅಪ್ಪನ ಹಳೇ ಕೋಟಿಂದ ಬಿಚ್ಚಿ ಅಮ್ಮಂಗೆ ಕೊಟ್ಟವಳೇ ನಾನು ಕಣೋ. ಅದಕ್ಕೆ ನಾಲ್ಕು ತೂತು ಅಂತ ನನಗೆ ಗೊತ್ತಿರಲ್ವಾ? ಎರಡನೇ ವರ್ಷ ನಿನ್ನ ಕೈ ಚೀಲದೊಳಗೆ ತಡಕಾಡ್ತಾನೇ ಇತ್ತು. ಆವಾಗ್ಲೇ ಗೊತ್ತಾಯ್ತು."

ಮಾಸ್ತರನಿಗೆ ಮೊದಲು ಅನ್ನಿಸಿದ್ದು, ಹೇಳಲು ನಾಚಿಕೆಯಾಗಬೇಕು, ಒಂದು ಬಗೆಯ ನಿರಾಳ. ಗೊತ್ತಿದ್ದೂ ದಿನಾ ಬಂದಿದ್ದಾಳೆ, ಹಾಗಾದರೆ ಯಾವತ್ತೋ ಮರೆತಿದ್ದಾಳೆ ಎಂದುಕೊಂಡ. ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಹೇಳಿದ್ರೆ ನಿನಗೆ ನಾಲ್ಕೇಟು ಬೀಳ್ತಿತ್ತು, ಅಮ್ಮ ಗುಂಡಿ ಬದಲಾಯಿಸ್ತಿದ್ಲು, ನಾನೂ ಒಂದೆರಡು ಸಲ ಹೋಗಿ ಬರ್ತಿದ್ದೆ. ಅದು ಬೇಕಾಗಿರಲಿಲ್ಲ ನನಗೆ. ಗೊತ್ತಿದ್ದೂ ಗೊತ್ತಿದ್ದೂ ಒಂದು ವರ್ಷ ನೀನೇ ಕರೀದು ಎತ್ತುತೀಯ, ಅಕ್ಕ ಹೋಗಿ ಬರಲಿ ಅಂತೀಯ ಅಂತ ಕಾಯ್ತಿದ್ದೆ. ಪ್ರತಿ ವರ್ಷ ಈ ಸಲ ಎತ್ತುತಾನೆ ಅಂದ್ಕೊಂಡು ಫ್ರಾಕು ಸರಿಮಾಡಿ ಇಟ್ಕೋತಿದ್ದೆ."

ಹಾಗೆ ಹೇಳುವಾಗಲೂ ಅವಳ ಕೈ ನಿಂತಿರಲಿಲ್ಲ. ಮೇಷ್ಟರ ಅಂಗಿಯ ಎದೆಪಟ್ಟಿಗೆ ಗುಂಡಿ ಕೂರಿಸಿ, ಸೂಜಿ ಇಳಿಸಿ, ಮೇಲೆಳೆದು, ಮತ್ತೆ ಇಳಿಸುತ್ತಿದ್ದಳು. ಮಾಸ್ತರ ಎದ್ದು ಅವಳ ಸ್ಟೂಲಿನ ಹತ್ತಿರ ಬಂದ. ಈ ವಾರವೇ ಹೋಗೋಣ, ಕಾರು ಮಾಡುತ್ತೇನೆ, ಮೊಣಕಾಲಿಗೆ ತೊಂದರೆಯಾಗದ ಹಾಗೆ ನೀರಿನ ಅಂಚಿನವರೆಗೂ ಕರೆದುಕೊಂಡು ಹೋಗುತ್ತೇನೆ, ಅಂಗಡಿಗೆ ಎಂಟು ದಿನವಲ್ಲ ಹದಿನೈದು ದಿನ ಬಾಗಿಲು ಹಾಕುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ.

ಅಕ್ಕ ಕೇಳಿಸಿಕೊಂಡಳು. ಸಮುದ್ರ ನೋಡುವ ಆಸೆ ಯಾವತ್ತೋ ಹೋಯಿತು, ಈಗ ಹೋದರೆ ಅದು ನಿನ್ನ ಸಮಾಧಾನಕ್ಕೆ ಹೋದ ಹಾಗಾಗುತ್ತದೆ, ನನಗೆ ಕಾಲು ನೋವು ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾಸ್ತರನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಅಕ್ಕ, ನನ್ನ..." ಎಂದು ಅವನು ಶುರುಮಾಡಿದ.

ಅವಳು ಕೈಯೆತ್ತಿ ತಡೆದಳು.

"ಕ್ಷಮಿಸು ಅಂತ ಕೇಳಬೇಡ. ನೀನು ಕೇಳಿದ್ರೆ ನಾನು ಪರವಾಗಿಲ್ಲ ಬಿಡೋ ಅನ್ನಬೇಕಾಗುತ್ತೆ. ನನಗೆ ಪರವಾಗಿಲ್ಲ ಅಂತ ಇನ್ನೂ ಅನ್ನಿಸಿಲ್ಲ."

ಅಷ್ಟು ಹೇಳಿ ದಾರವನ್ನು ಹಲ್ಲಿನಿಂದ ಕಡಿದು, ಬಲಗೈ ತೋಳು ಬೇಗ ಕತ್ತರಿಸಿಕೊಡು, ಮೇಷ್ಟರು ಐದು ಗಂಟೆಗೆ ಬರುತ್ತಾರೆ ಎಂದಳು. ಮಾಸ್ತರ ಮೇಜಿಗೆ ಹೋಗಿ ಬಟ್ಟೆ ಹರಡಿದ, ಸೀಮೆಸುಣ್ಣ ಹಿಡಿದ. ಮರುದಿನ ಮಧ್ಯಾಹ್ನ ಎರಡಕ್ಕೆ ಅವಳು ಬಂದಳು, ಅದರ ಮರುದಿನವೂ ಬಂದಳು. ಅವನು ಇವತ್ತಿಗೂ ಕೇಳಿಲ್ಲ, ಅವಳು ಇವತ್ತಿಗೂ ಪರವಾಗಿಲ್ಲ ಎಂದಿಲ್ಲ.